ಚಾರ್ಮಾಡಿ ರಸ್ತೆಯಲ್ಲಿ ನಡೆದ ಆಮೆ

ಪಾಣೆಮಂಗಳೂರಿನ ಅಬ್ದುಲ್ ಸಮದರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಜನ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ಐಸಿನಡಿ ಹಳೆ ಮೀನು ತುರುಕಿ ಕೊಟ್ಟ ದಲ್ಲಾಳಿಯ ಕಾಲಬುಡಕ್ಕೆ ಇಡೀ ಪೆಟ್ಟಿಗೆಯನ್ನೇ ಕವುಚಿ ಹಾಕಿ ಬಂದವರು ಅವರು. ಆದರೆ ೨೦೦೫ರ ಬೇಸಗೆಯಲ್ಲಿ ಅವರಿಗೆ ಬಂದ ಸಿಟ್ಟು ಆ ಜಾತಿಯದ್ದಲ್ಲ. ಕೂಗಾಡಿ, ಒಂದು ಚಾ ಕುಡಿದರೆ ಇಳಿಯುವಂಥದ್ದಲ್ಲ. ಏನಾಯಿತೆಂದು ಕೇಳಿದರೆ, ಉಪ್ಪು ಖಾರ ತಿನ್ನುವ ಮೈಯಾದರೆ, ನಿಮಗೂ ಬರಬೇಕು.

ಸಮದರದ್ದು ಮೀನಿನ ವ್ಯಾಪಾರ. ಅಂಗಡಿಯಿಲ್ಲ, ಬೋರ್ಡಿಲ್ಲ. ಇರುವುದೊಂದು ಎಂ-೮೦ ಗಾಡಿ, ಅದರ ಹಿಂದೆ ಹಗ್ಗದಲ್ಲಿ ಬಿಗಿದ ಪ್ಲಾಸ್ಟಿಕ್ ಪೆಟ್ಟಿಗೆ, ಮತ್ತು ಒತ್ತಿದರೆ ಗುಡ್ಡದಾಚೆಗೂ ಕೇಳುವ ಪೋಂ ಪೋಂ ಹಾರ್ನು. ಬೆಳಗಿನ ನಮಾಝು ಮುಗಿಸಿ ಮೀನಿನ ಬೋಟು ನಿಲ್ಲುವ ಮಂಗಳೂರಿನ ದಕ್ಕೆಗೆ ಹೋಗುವುದು, ಬೋಟಿನಿಂದ ಇಳಿದ ಮೀನನ್ನು ಏಲಂನಲ್ಲಿ ಕೂಗಿ ಹಿಡಿಯುವುದು, ಬಂಟ್ವಾಳ ದಾಟಿ, ಬೆಳ್ತಂಗಡಿ ದಾಟಿ, ಚಾರ್ಮಾಡಿ ರಸ್ತೆಯಲ್ಲಿ ಮುಂಡಾಜೆಯವರೆಗೆ ಮನೆಮನೆಗೆ ಮಾರುತ್ತಾ ಹೋಗುವುದು. ಮೀನಿನವರು ಇದಕ್ಕೆ ಲೈನ್ ಎನ್ನುತ್ತಾರೆ. ಒಬ್ಬರ ಲೈನಿಗೆ ಇನ್ನೊಬ್ಬರು ಕಾಲಿಡುವುದಿಲ್ಲ. ತೊಂಬತ್ತೊಂದರಲ್ಲಿ, ಇನ್ನೂ ಸೈಕಲ್ಲಿನಲ್ಲಿ ಬಂಟ್ವಾಳದಿಂದ ಮೀನು ಹೊರುತ್ತಿದ್ದ ಕಾಲದಲ್ಲಿ, ಸಮದರು ಒಂದೊಂದೇ ಮನೆ ಹಿಡಿದು ಕಟ್ಟಿದ ಲೈನಿದು. ಈಗ ಅರುವತ್ತು ಮನೆ. ಯಾವ ಮನೆಗೆ ಸೋಮವಾರ ಮೀನಾಗದು, ಯಾವ ಮನೆಯ ಅಜ್ಜನಿಗೆ ಮುಳ್ಳಿನ ಮೀನಾಗದು, ಯಾರ ಮಗಳು ಬಾಣಂತಿ, ಎಲ್ಲವೂ ಅವರಿಗೆ ಗೊತ್ತು. ಬ್ಯಾರಿ ಎಂದು ಊರು ಕರೆಯುವ ಈ ಮುಸ್ಲಿಂ ವ್ಯಾಪಾರಿಯ ಮೀನನ್ನು ನಂಬಿ ಹೆಂಗಸರು ಒಲೆಯ ಮೇಲೆ ಮಸಾಲೆ ಕುದಿಯಲು ಇಟ್ಟು ಕಾಯುತ್ತಿದ್ದರು. ಇಂಥ ಲೈನ್ ಕಟ್ಟಲು ಹದಿನಾಲ್ಕು ವರ್ಷ ಬೇಕಾಯಿತು. ಮುರಿಯಲು ಒಂದು ಕೆಟ್ಟ ಮಾತು ಸಾಕು, ಅದೂ ಅವರಿಗೆ ಗೊತ್ತಿತ್ತು.

ಆ ವರ್ಷದ ಫೆಬ್ರವರಿಯ ಒಂದು ದಿನ, ಬೆಳ್ತಂಗಡಿ ಹತ್ತಿರ ಮರದ ನೆರಳಲ್ಲಿ ಗಾಡಿ ನಿಲ್ಲಿಸಿ ಬಂಗುಡೆಗೆ ಹೊಸ ಐಸು ಹಾಕುವಾಗ, ಪೆಟ್ಟಿಗೆಯ ತಳದಲ್ಲಿ ಕೈಗೊಂದು ಗಟ್ಟಿ ವಸ್ತು ಸಿಕ್ಕಿತು. ಎರಡು ಸಾಬೂನು ಜೋಡಿಸಿಟ್ಟಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಮೇಲೆ ಗೇಣುದ್ದದ ಬಾಗುವ ತಂತಿ. ಅಡಿಯಲ್ಲಿ ಒಣಗಿ ಕಲ್ಲಾದ ಅಂಟು, ಅಂಟಿನಲ್ಲಿ ಕಚ್ಚಿಕೊಂಡ ಅಂಗೈಯಗಲದ, ತೆಂಗಿನ ಗೆರಟೆಯಂಥ ಚೂರು. ಒಂದು ಬದಿಗೆ ಇಂಗ್ಲಿಷಿನ ಚೀಟಿ, ಅದರ ಅರ್ಧವನ್ನು ಅಂಟಿ ಬೆಳೆದ ಕಡಲ ಚಿಪ್ಪು ತಿಂದಿತ್ತು.

ಬೇರೆಯವನಾಗಿದ್ದರೆ ಪೊದೆಗೆಸೆದು ಮುಂದೆ ಹೋಗುತ್ತಿದ್ದ. ಇಲ್ಲವೇ ಗುಜರಿಗೆ ಹಾಕುತ್ತಿದ್ದ. ಸಮದರು ಮರುದಿನ ಅದನ್ನು ತಿರುಗಿ ದಕ್ಕೆಗೆ ಕೊಂಡುಹೋದರು.

“ಯಾರದ್ದಾದರೂ ಸಾಮಾನು ಕಳೆದುಹೋಗಿದೆಯಾ?” ಎಂದು ಬೋಟಿನಿಂದ ಬೋಟಿಗೆ ಕೇಳಿದರು. ಎಲ್ಲರೂ ನಕ್ಕರು. ಶೇಖರ ಎಂಬ ಬೋಟಿನ ಆಳು ಮಾತ್ರ ನಗಲಿಲ್ಲ. ಪೆಟ್ಟಿಗೆಯನ್ನು ನೋಡಿದ್ದೇ ಕಣ್ಣು ಬೇರೆ ಕಡೆ ಹೊರಳಿಸಿ, “ಎಸೆದುಬಿಡಿ ಸಮದಾಕ, ಅದು ಒಳ್ಳೇ ವಸ್ತುವಲ್ಲ” ಎಂದ. ಹೆಚ್ಚು ಕೇಳುವಷ್ಟರಲ್ಲಿ ಬಲೆಯ ರಾಶಿಯ ಹಿಂದೆ ಹೋಗಿ ಕೂತ. ಏಲಂನ ಪೆಟ್ಟಿಗೆಯಲ್ಲಿ ಮೂರು ನಾಲ್ಕು ಬೋಟುಗಳ ಮೀನು ಬೆರೆತಿರುತ್ತದೆ. ಯಾವುದರಿಂದ ಬಂತೆಂದು ಹೇಳುವವರಿಲ್ಲ.

ಶುಕ್ರವಾರ ಸಮದರು ಗಾಡಿ ತೆಗೆಯುವುದಿಲ್ಲ. ಆ ದಿನ ಜುಮಾ ಮುಗಿದ ಮೇಲೆ ಮಸೀದಿಯ ಉಸ್ತಾದರನ್ನು ಕೇಳಿದರು. ಉಸ್ತಾದರು ಕಟ್ಟುನಿಟ್ಟಿನ ಮನುಷ್ಯ. ಬಿದ್ದು ಸಿಕ್ಕಿದ ವಸ್ತು ಸಿಕ್ಕಿದವನದ್ದಲ್ಲ ಎಂದರು. “ಒಂದು ವರ್ಷ ಕೂಗಿ ಹೇಳಬೇಕು. ಜನ ಸೇರುವಲ್ಲಿ, ಮಸೀದಿಯ ಬಾಗಿಲಲ್ಲಿ, ಸಿಕ್ಕಿದ ದಾರಿಯಲ್ಲಿ. ಆದರೆ ವಸ್ತುವನ್ನು ಎಲ್ಲರಿಗೂ ತೋರಿಸ್ತಾ ಹೋಗಬಾರದು. ಒಂದು ಗುರುತು ನಿಮ್ಮಲ್ಲೇ ಇರಲಿ. ಆ ಗುರುತು ಹೇಳಿದವನೇ ವಾರಸುದಾರ. ಅಲ್ಲಿಯವರೆಗೆ ಅದು ಅಮಾನತ್ತು, ನಂಬಿ ನಿಮ್ಮ ಕೈಗೆ ಬಿಟ್ಟ ಇನ್ನೊಬ್ಬರ ವಸ್ತು.”

ಅಮಾನತ್ತು ಅಂದಮೇಲೆ ಮುಗಿಯಿತು. ಅಂಟಿನ ಮೂಲೆಯ ಒಂದು ಗುರುತನ್ನು ಸಮದರು ಯಾರಿಗೂ ಹೇಳದೆ ಮನಸ್ಸಿನಲ್ಲಿಟ್ಟುಕೊಂಡರು. ಸಮದರು ಸಿಟ್ಟಿನ ಮನುಷ್ಯ ಹೌದು, ಅಮಾನತ್ತಿನ ಮನುಷ್ಯ ಅದಕ್ಕಿಂತ ಹೆಚ್ಚು. ಹೆಂಡತಿ ಖದೀಜ ಪೆಟ್ಟಿಗೆಯನ್ನು ಮನೆಯಲ್ಲಿಡಲು ಒಪ್ಪಲಿಲ್ಲ. “ಹನಾಳ ಕೈಗೆ ಸಿಕ್ಕಿದರೆ ಸಂಜೆಯೊಳಗೆ ಬಿಚ್ಚಿ ಹಾಕ್ತಾಳೆ. ಮತ್ತೆ ಲೋಕದೆದುರು ನೀವೇ ಕಳ್ಳ ಆಗ್ತೀರಿ” ಎಂದರು. ಹನಾ ಎಂದರೆ ಆರು ವರ್ಷದ ಕಿರಿ ಮಗಳು. ಕೈಗೆ ಸಿಕ್ಕಿದ ಯಾವುದನ್ನೂ ಇಡಿಯಾಗಿ ಉಳಿಸಿದವಳಲ್ಲ. ಹಾಗಾಗಿ ಸಮದರು ಪೆಟ್ಟಿಗೆಯನ್ನು ಎರಡು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಗಾಡಿಯ ಸೀಟಿನಡಿ ಇಟ್ಟುಕೊಂಡು ಲೈನಿಗೆ ಹೊರಟರು. ಕೇಳುವವರು ಎಲ್ಲಿ ಸಿಕ್ಕಿದರೂ ಅಲ್ಲೇ ಕೊಡಬಹುದಲ್ಲ ಎಂದು ಅವರ ಲೆಕ್ಕಾಚಾರ.

ಅಂದಿನಿಂದ ಪ್ರತಿ ಅಂಗಳದಲ್ಲಿ ಮೀನು ಕೊಟ್ಟಮೇಲೆ ಅದೊಂದು ಮಾತು. “ಒಂದು ಕಪ್ಪು ಪೆಟ್ಟಿಗೆ ಸಿಕ್ಕಿದೆ. ಯಾರಾದರೂ ಕಳಕೊಂಡವರು ಇದ್ದರೆ ಗುರುತು ಹೇಳಿ ತೆಗೊಂಡು ಹೋಗಲಿ.” ಲೈನಿನ ಹೆಂಗಸರಿಗೆ ಇದು ತಮಾಷೆಯಾಯಿತು. “ಬ್ಯಾರಿಗಳೇ, ನಮ್ಮ ಯಜಮಾನರ ಬುದ್ಧಿ ಕಳೆದುಹೋಗಿದೆ, ನಿಮ್ಮ ಪೆಟ್ಟಿಗೆಯಲ್ಲಿ ಉಂಟಾ ನೋಡಿ” ಎಂದು ಮುಂಡಾಜೆಯ ನೀಲಾವತಿ ನಗುತ್ತಿದ್ದರು. ಎಲ್ಲರೂ ಅವರನ್ನು ನೀಲಕ್ಕ ಎನ್ನುತ್ತಾರೆ. ಲೈನಿನ ಕಟ್ಟಕಡೆಯ ಮನೆ ಅವರದ್ದು, ರಸ್ತೆಯಿಂದ ಚಡಾವು ಹತ್ತಬೇಕು. ಹತ್ತಿ ಬಂದ ಸಮದರಿಗೆ ಬೆಲ್ಲ, ನೀರು ಕೊಡದೆ ನೀಲಕ್ಕ ಮೀನು ಮುಟ್ಟಿದವರಲ್ಲ. ಮಗ ವಸಂತನಿಗೆ ಕಲ್ಲಗುಡ್ಡೆಯ ಅರಣ್ಯ ಕಚೇರಿಯಲ್ಲಿ ಗಾರ್ಡ್ ಕೆಲಸ ಸಿಕ್ಕಿದ ದಿನ ಮೊದಲು ಸಿಹಿ ತಿಂದವರೂ ಸಮದರೇ.

ಬರೀ ಕೂಗಿ ಕೂತವರಲ್ಲ ಸಮದರು. ಶಾಲೆಯ ಮೋಹಿನಿ ಟೀಚರಿಗೆ ಚೀಟಿ ತೋರಿಸಿದರು. “ಸಿಕ್ಕಿದವರು ಹಿಂದೆ ಕೊಡಿ ಅಂತ ಬರೆದಿದ್ದಾರೆ ಸಮದಾಕ. ಫೋನ್ ನಂಬರು ಉಂಟು, ಆದರೆ ಕೊನೆಯ ಎರಡು ಅಂಕೆ ಹೋಗಿದೆ” ಎಂದು ಟೀಚರು ಹೇಳಿದರು. ಸಮದರು ಎಸ್‌ಟಿಡಿ ಬೂತಿನಲ್ಲಿ ಕೂತು ಕೊನೆಗೆ ಸೊನ್ನೆ ಸೊನ್ನೆ ಹಾಕಿದರು, ಸೊನ್ನೆ ಒಂದು ಹಾಕಿದರು. ಹೀಗೆ ಹನ್ನೊಂದು ಕಡೆಗೆ ಹಚ್ಚಿದರು. ನಾಲ್ಕು ಕಡೆ ಹಿಂದಿ, ಒಂದು ಕಡೆ ಬೈಗುಳ, ಉಳಿದದ್ದೆಲ್ಲ ಕೀಂಯ್ ಎಂಬ ಶಬ್ದ. ಒಂದು ಪೊಲೀಸ್ ಠಾಣೆಗೂ ಹೋದರು. ಗಡ್ಡ, ತಲೆಗೆ ಟೊಪ್ಪಿ, ಕೈಯಲ್ಲಿ ತಂತಿಯಿರುವ ಕಪ್ಪು ಪೆಟ್ಟಿಗೆ! ಬಾಗಿಲಲ್ಲಿದ್ದವನು ಎರಡು ಹೆಜ್ಜೆ ಹಿಂದೆ ಹಾರಿ, “ಬಾಂಬಾ ಅದು?” ಎಂದು ಕಿರುಚಿದ. ಕೊಡಲು ಬಂದವನನ್ನೇ ಒಳಗೆ ಹಾಕುವ ಅಂದಾಜು ಕಂಡದ್ದೇ ಸಮದರು ಗಾಡಿ ತಿರುಗಿಸಿದರು.

ಮಾರ್ಚಿನಲ್ಲಿ ಮೋಹಿನಿ ಟೀಚರೇ ಇನ್ನೊಂದು ದಾರಿ ಹೇಳಿದರು. ಹುಲಿ ಆನೆಗಳಿಗೆ ಇಂಥ ಪೆಟ್ಟಿಗೆ ಕಟ್ಟುವುದುಂಟಂತೆ, ಕಾಡಿನವರಿಗೆ ಗೊತ್ತಿರಬಹುದು ಎಂದು. ಸಮದರು ಒಂದು ಮಂಗಳವಾರ ಲೈನ್ ಬಿಟ್ಟು, ಗಿರಾಕಿ ಒಬ್ಬರೂ ಇಲ್ಲದ ಅಡ್ಡರಸ್ತೆ ಹಿಡಿದು ಕಲ್ಲಗುಡ್ಡೆಯ ಕಚೇರಿಗೆ ಹೋದರು. ಜಗಲಿಯಲ್ಲಿ ವಸಂತನಿದ್ದ.

“ಸಾಹೇಬರು ಇಲ್ಲ. ಎಲ್ಲಿ ಸಿಕ್ಕಿತು ನಿಮಗಿದು?”

“ಮೀನಿನ ಪೆಟ್ಟಿಗೆಯಲ್ಲಿ ಮಾರಾಯ. ದಕ್ಕೆಯಿಂದ ಬಂದದ್ದು.”

“ಹಾಗಾದರೆ ಕಡಲಿನದ್ದು. ಕಡಲಿನದ್ದು ನಮಗೆ ಬರುವುದಿಲ್ಲ ಸಮದಾಕ.”

“ಒಂದು ಪುಸ್ತಕದಲ್ಲಿ ಬರೆದಾದರೂ ಇಡು. ಇಂಥವ ಇಂಥ ದಿನ ತಂದಿದ್ದ ಅಂತ.”

“ಬರೆದರೆ ಮತ್ತೆ ನನಗೇ ತಲೆಬಿಸಿ. ತೆಗೊಂಡು ಹೋಗಿ, ತೆಗೊಂಡು ಹೋಗಿ. ಇವತ್ತು ಏನು ಮೀನು?”

ಸಾಹೇಬರು ಬಂದಾರು ಎಂದು ಸಮದರು ಅರ್ಧ ಗಂಟೆ ಜಗಲಿಯ ಮೆಟ್ಟಿಲಲ್ಲಿ ಕೂತರು. ಬರಲಿಲ್ಲ. ವಸಂತ ಆರು ಬಂಗುಡೆ ತೆಗೆದುಕೊಂಡ. ಸಮದರು ಪೆಟ್ಟಿಗೆಯನ್ನು ಸೀಟಿನಡಿ ಹಾಕಿಕೊಂಡು ಲೈನಿಗೆ ಮರಳಿದರು.

ಈಗ ಸಿಟ್ಟಿನ ಭಾಗಕ್ಕೆ ಬರುವ. ಮೇ ತಿಂಗಳ ಒಂದು ಬೆಳಿಗ್ಗೆ ಹನ್ನೊಂದರ ಬಿಸಿಲು. ಮುಂಡಾಜೆಯ ಬಸ್ ಸ್ಟಾಪಿನ ಎದುರು ಜೀಪೊಂದು ಅಡ್ಡ ಬಂದು ನಿಂತಿತು. ಇಳಿದವರು ಕಲ್ಲಗುಡ್ಡೆಯ ಅರಣ್ಯಾಧಿಕಾರಿ, ಇಬ್ಬರು ಗಾರ್ಡುಗಳು, ಮತ್ತು ಕೈಯಲ್ಲಿ ಕಾಗದದ ಸುರುಳಿ ಹಿಡಿದ ಒಬ್ಬ ಮೇಡಂ. ಗಾರ್ಡುಗಳಲ್ಲಿ ಒಬ್ಬ ವಸಂತ.

“ಇಳಿಯೋ ಕೆಳಗೆ” ಎಂದ ಅಧಿಕಾರಿ. ನಲುವತ್ತೈದು ದಾಟಿದ ಗಂಡಸಿಗೆ, ಅವರದ್ದೇ ಲೈನಿನಲ್ಲಿ, ಬಸ್ಸಿಗೆ ನಿಂತ ಜನರೆದುರು ಈ ಮಾತು! ಸೀಟು ಎತ್ತಿಸಿದರು. ತೊಟ್ಟೆ ಬಿಚ್ಚಿದರು. “ನೋಡಿ, ಹೇಗೆ ಬಚ್ಚಿಟ್ಟಿದ್ದಾನೆ ನೋಡಿ” ಎಂದು ಅಧಿಕಾರಿ ಪೆಟ್ಟಿಗೆಯನ್ನು ಎತ್ತಿ ಎಲ್ಲರಿಗೂ ತೋರಿಸಿದ. ಮೇಡಂ ಅದನ್ನು ಕಸಿದುಕೊಂಡು, ಅಡಿಯ ಗೆರಟೆಯಂಥ ಚೂರನ್ನು ನೋಡಿದ್ದೇ ಕಣ್ಣು ಕೆಂಪು ಮಾಡಿಕೊಂಡರು.

“ಕೊಂದುಬಿಟ್ರಲ್ಲ. ಮೊಟ್ಟೆ ಇಟ್ಟು ಹೋದ ತಾಯಿ ಆಮೆ ಅದು. ಇದು ಅದರ ಬೆನ್ನಿನ ಚಿಪ್ಪು.”

ಆಗಲೇ ಸಮದರಿಗೆ ಮೊದಲ ಸಲ ತಿಳಿದದ್ದು, ಇಷ್ಟು ದಿನ ತಾನು ಹೊತ್ತು ತಿರುಗಿದ್ದು ಏನೆಂದು. ದೂರದ ಒಂದು ಮರಳ ದಂಡೆಗೆ ಮೊಟ್ಟೆಯಿಡಲು ಬಂದ ಕಡಲಾಮೆಯ ಬೆನ್ನಿಗೆ, ಆಮೆಗಳ ಸಂಶೋಧನೆ ಮಾಡುವ ಆ ಮೇಡಂ ಜನವರಿಯಲ್ಲಿ ಅಂಟಿಸಿದ ಯಂತ್ರ ಅದು. ಆಮೆ ಉಸಿರಿಗಾಗಿ ಮೇಲೆ ಬಂದಾಗೆಲ್ಲ ಯಂತ್ರ ಆಕಾಶದ ಉಪಗ್ರಹಕ್ಕೆ ಸುದ್ದಿ ಕಳಿಸುತ್ತದೆ, ಉಪಗ್ರಹ ಅದು ಇಲ್ಲಿದೆ ಎಂದು ಮೇಡಮಿನ ಕಂಪ್ಯೂಟರಿಗೆ ಚುಕ್ಕಿ ಹಾಕುತ್ತದೆ. ಹಾಗೆ ತಿಳಿದರಲ್ಲವೇ ಆಮೆಗಳು ಎಲ್ಲಿ ಹೋಗುತ್ತವೆ, ಎಲ್ಲಿ ಕಾಪಾಡಬೇಕು ಎಂದು ಗೊತ್ತಾಗುವುದು? ಒಂದು ತಿಂಗಳು ಚುಕ್ಕಿಗಳು ಕಡಲಲ್ಲಿದ್ದವು. ಆಮೇಲೆ ಒಂದು ದಿನ ಬಂದರಿಗೆ ಬಂದವು. ಅಲ್ಲಿಂದ ಆಮೆ ನೆಲದ ಮೇಲೆ ನಡೆಯತೊಡಗಿತು! ದಿನವೂ ಬಂಟ್ವಾಳ, ಬೆಳ್ತಂಗಡಿ, ಮುಂಡಾಜೆ, ಸಂಜೆಗೆ ಪಾಣೆಮಂಗಳೂರು. ಶುಕ್ರವಾರ ರಜೆ. ಮೊದಲು ಯಂತ್ರ ಕೆಟ್ಟಿದೆ ಎಂದುಕೊಂಡರಂತೆ. ಆಮೇಲೆ ಕಾಗದ ಬರೆದರು, ಕಾಗದ ಕಚೇರಿಯಿಂದ ಕಚೇರಿಗೆ ನಡೆದು ಕಲ್ಲಗುಡ್ಡೆ ತಲಪುವಾಗ ಮೇ ಆಯಿತು. ಆ ಕಾಗದಕ್ಕಿಂತ ಆಮೆಯೇ ವಾಸಿ.

“ನಾನು ಕೊಂದದ್ದಲ್ಲ ಅಮ್ಮಾ. ಮೀನಿನೊಟ್ಟಿಗೆ ಸಿಕ್ಕಿದ್ದು. ಎರಡೂವರೆ ತಿಂಗಳಿಂದ ವಾರಸುದಾರರನ್ನು ಹುಡುಕ್ತಾ ಇದ್ದೇನೆ” ಎಂದರು ಸಮದರು. “ಬೇಕಾದರೆ ವಸಂತನ ಹತ್ತಿರ ಕೇಳಿ. ನಿಮ್ಮ ಆಫೀಸಿಗೇ ತಂದಿದ್ದೆ.”

ಅಧಿಕಾರಿ ವಸಂತನ ಕಡೆ ತಿರುಗಿದ. ವಸಂತ ತನ್ನ ಬೂಟು ನೋಡಿಕೊಂಡ. “ನನಗೆ ಗೊತ್ತಿಲ್ಲ ಸಾರ್” ಎಂದ.

ಗೊತ್ತಿಲ್ಲವಂತೆ! ಆರು ಬಂಗುಡೆ ಮುಕ್ಕಿದ್ದು ಗೊತ್ತಿಲ್ಲ! ಸಮದರ ಕೈ ತಾನಾಗಿ ಮೇಲೆದ್ದಿತು. ಮತ್ತೆ ಏನೋ ಯೋಚಿಸಿ ಕೆಳಗಿಳಿಸಿದರು. ಇಂಥ ಹೊತ್ತಿನಲ್ಲಿ ಬಡವನ ಸಿಟ್ಟು ದವಡೆಗೆ ಮೂಲ ಎಂಬುದು ಅವರಿಗೂ ತಿಳಿದಿತ್ತು. ಗಾಡಿಯನ್ನು ಜಪ್ತಿ ಮಾಡಿದರು, ಕಪ್ಪು ಪೆಟ್ಟಿಗೆಯನ್ನೂ, ಮೀನಿನ ಪೆಟ್ಟಿಗೆಯನ್ನೂ. ಮೀನನ್ನು ಮಾತ್ರ ರಸ್ತೆ ಬದಿಗೆ ಇಳಿಸಿದರು. ಎಂಟು ದಿನ ಬಿಟ್ಟು ಕಚೇರಿಗೆ ಬರಬೇಕೆಂದು ಕಾಗದ ಕೊಟ್ಟು ಜೀಪು ಹೋಯಿತು. ಹದಿನೈದು ಕಿಲೋ ಬಂಗುಡೆ ಬಿಸಿಲಿಗೆ ಬೆಚ್ಚಗಾಗುತ್ತಿದ್ದರೆ ಸಮದರು ಅದರ ಪಕ್ಕದಲ್ಲಿ ನಿಂತಿದ್ದರು. ಬಸ್ಸಿಗೆ ನಿಂತ ಜನರಲ್ಲಿ ಒಬ್ಬರೂ ಹತ್ತಿರ ಬರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ ಅಲ್ಲವೇ? ಕಡಲಲ್ಲಿ ಬಲೆಯೆಳೆದವನಿಗೆ ಜೀಪಿಲ್ಲ. ಸತ್ತ ಆಮೆಯ ಬೆನ್ನಿನಿಂದ ಪೆಟ್ಟಿಗೆ ಕೆತ್ತಿ ಮೀನಿನ ರಾಶಿಗೆ ಎಸೆದವನಿಗೆ ಕಾಗದವಿಲ್ಲ. ಸಿಕ್ಕಿದ್ದನ್ನು ಜೋಪಾನವಾಗಿಟ್ಟು ಊರೆಲ್ಲ ಕೂಗಿದವನಿಗೆ ಇದೆಲ್ಲ.

ಸುದ್ದಿಗೆ ಕಾಲು ಬೇಡ. ಬಸ್ ಸ್ಟಾಪಿನಲ್ಲಿ ಹುಟ್ಟಿದಾಗ ಅದು ‘ಬ್ಯಾರಿಯ ಗಾಡಿಯಲ್ಲಿ ಆಮೆಯ ಚಿಪ್ಪು ಸಿಕ್ಕಿತಂತೆ’ ಎಂದಿತ್ತು. ಬೆಳ್ತಂಗಡಿ ತಲಪುವಾಗ ‘ಆಮೆಯ ಮಾಂಸ ಮಾರುತ್ತಿದ್ದನಂತೆ’ ಎಂದಾಯಿತು. ಸಂಜೆಯೊಳಗೆ ‘ಮೀನಿನ ತುಂಡಿನ ಜೊತೆ ಬೆರೆಸಿ ನಮಗೇ ತಿನ್ನಿಸಿದನಂತೆ’ ಎಂಬಲ್ಲಿಗೆ ಮುಟ್ಟಿತು. ಬಂಗುಡೆಯನ್ನು ಇಡಿಯಾಗಿ, ಲೆಕ್ಕಮಾಡಿ ಕೊಳ್ಳುವ ಜನ ಇವರು; ಇಡೀ ಬಂಗುಡೆಯಲ್ಲಿ ಆಮೆ ಬೆರೆಸುವುದು ಹೇಗೆ ಎಂದು ಒಬ್ಬರಾದರೂ ಯೋಚಿಸಬೇಡವೇ?

ಮೂರನೆಯ ದಿನ ಸಮದರು ಭಾವನ ಸ್ಕೂಟರ್ ಎರವಲು ಪಡೆದು ಲೈನಿಗೆ ಹೋದರು. ಅರುವತ್ತು ಮನೆಯಲ್ಲಿ ಒಂಬತ್ತು ಮನೆಯವರು ಮೀನು ತೆಗೆದುಕೊಂಡರು. ಮೋಹಿನಿ ಟೀಚರು ಗೇಟಿನ ಹೊರಗೇ ಬಂದು ನಿಂತು, ಅಕ್ಕಪಕ್ಕದವರಿಗೆ ಕಾಣುವ ಹಾಗೆ ದೊಡ್ಡ ಪಾತ್ರೆಯಲ್ಲಿ ತೆಗೆದುಕೊಂಡರು. ಉಳಿದ ಕಡೆ ಹಾರ್ನ್ ಕೇಳಿದ್ದೇ ಬಾಗಿಲು ಮುಚ್ಚಿತು. ಕೊನೆಗೆ ಚಡಾವು ಹತ್ತಿ ನೀಲಕ್ಕನ ಅಂಗಳದಲ್ಲಿ ನಿಂತರು. ಬೆಲ್ಲವೂ ಬರಲಿಲ್ಲ, ನೀರೂ ಬರಲಿಲ್ಲ. ಒಳಗಿನಿಂದ ಸ್ವರ ಮಾತ್ರ ಬಂತು.

“ಆಮೆ ನಮಗೆ ದೇವರು. ದೇವರನ್ನು ಕಡಿದು ಮಾರಿದವರ ಕೈಯ ಮೀನು ನಮಗೆ ಬೇಡ.”

“ನೀಲಕ್ಕ, ನನ್ನ ಮುಖ ನೋಡಿ ಹೇಳಿ.”

“ನಮ್ಮ ವಸಂತ ಸುಳ್ಳು ಹೇಳ್ತಾನಾ? ಹೋಗಿ ನೀವು.”

ಅಂದು ಮನೆಗೆ ಬಂದ ಸಮದರು ಉಳಿದ ಮೀನನ್ನೆಲ್ಲ ತೆಂಗಿನ ಬುಡಕ್ಕೆ ಹಾಕಿ ಮಣ್ಣು ಎಳೆದರು. ಹಾರೆ ಬಡಿದ ಶಬ್ದಕ್ಕೆ ನೆರೆಮನೆಯವರು ಇಣುಕಿದರಂತೆ.

“ಅವರು ಏನೋ ಬರೆದು ಕೊಟ್ಟರೆ ಸೈನ್ ಹಾಕಿ ಬನ್ನಿ. ಗಾಡಿ ಬಂದರೆ ಸಾಕು” ಎಂದರು ಖದೀಜ.

“ಗಾಡಿ ಬಂದು ಏನು ಮಾಡುವುದು? ಲೈನೇ ಹೋಯಿತಲ್ಲ” ಎಂದರು ಸಮದರು.

ಎಂಟನೆಯ ದಿನ ಕಲ್ಲಗುಡ್ಡೆಯ ಕಚೇರಿ. ಮೇಜಿನ ಒಂದು ಬದಿಗೆ ಅಧಿಕಾರಿ, ಇನ್ನೊಂದು ಬದಿಗೆ ಮೇಡಂ, ಮಧ್ಯೆ ಕಪ್ಪು ಪೆಟ್ಟಿಗೆ. ಬಾಗಿಲಲ್ಲಿ ವಸಂತ. ಅಧಿಕಾರಿ ಟೈಪು ಮಾಡಿದ ಹಾಳೆ ತಳ್ಳಿದ.

“ತಪ್ಪೊಪ್ಪಿಗೆ. ಸೈನ್ ಹಾಕು, ದಂಡ ಕಟ್ಟಿಸಿ ಬಿಡ್ತೇನೆ, ಗಾಡಿ ಕೊಡ್ತೇನೆ. ಇಲ್ಲವಾದರೆ ಕೇಸು. ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು.”

ಸಮದರು ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಓದಿದರು. ‘ಸದರಿ ಕಡಲಾಮೆಯ ಭಾಗವನ್ನು ನಾನು ತಿಳಿದೂ ತಿಳಿದೂ ಬಚ್ಚಿಟ್ಟುಕೊಂಡಿದ್ದೆ’ ಎಂದು ಬರೆದಿತ್ತು. ಹಾಳೆಯನ್ನು ತಿರುಗಿ ತಳ್ಳಿದರು.

“ಇದಕ್ಕೆ ಸೈನ್ ಹಾಕಿದರೆ ನನ್ನ ಮಕ್ಕಳೂ ನಾಳೆ ಮೀನು ಮಾರುವ ಹಾಗಿಲ್ಲ. ಮೇಡಂ, ನಿಮ್ಮ ಕೈಯಲ್ಲಿರುವುದು ಅದರ ನಕಾಶೆಯಾ? ಒಮ್ಮೆ ನೋಡಬಹುದಾ?”

ಮೇಡಂ ಒಲ್ಲದ ಮನಸ್ಸಿನಿಂದ ಸುರುಳಿ ಬಿಡಿಸಿದರು. ರಸ್ತೆಯುದ್ದಕ್ಕೂ ಕೆಂಪು ಚುಕ್ಕಿಗಳು. ಸಮದರು ಬಗ್ಗಿ ನೋಡಿದರು. ಇಂಗ್ಲಿಷ್ ಬಾರದಿದ್ದರೇನು, ತನ್ನ ಲೈನು ತನಗೆ ಗೊತ್ತಾಗದೇ? ದಕ್ಕೆ, ಬಂಟ್ವಾಳದ ಸೇತುವೆ, ಬೆಳ್ತಂಗಡಿಯ ಪೇಟೆ, ಟೀಚರ ಶಾಲೆ. ಬೆರಳಿಟ್ಟು ಒಂದೊಂದಾಗಿ ಹೇಳುತ್ತಾ ಹೋದವರು ಒಂದು ಕಡೆ ನಿಂತುಬಿಟ್ಟರು. ರಸ್ತೆಯಿಂದ ದೂರ, ಒಂಟಿಯಾಗಿ ಎರಡು ಚುಕ್ಕಿಗಳು.

“ಇದು ಯಾವ ದಿನದ್ದು?”

ಮೇಡಂ ಪಟ್ಟಿ ನೋಡಿದರು. “ಮಾರ್ಚ್ ಇಪ್ಪತ್ತೆರಡು, ಮಂಗಳವಾರ. ಬೆಳಿಗ್ಗೆ ಹತ್ತು ಐವತ್ತಕ್ಕೆ ಒಂದು, ಹನ್ನೊಂದು ಹತ್ತಕ್ಕೆ ಒಂದು. ಒಳ್ಳೆ ಸಿಗ್ನಲ್ಲು, ಇನ್ನೂರು ಮೀಟರ್ ಆಚೀಚೆ ಅಷ್ಟೆ.”

“ಅಲ್ಲಿ ಏನುಂಟು?”

ಮೇಡಂ ನಕಾಶೆ ನೋಡಿದರು, ಕಿಟಕಿಯಾಚೆ ನೋಡಿದರು, ಮತ್ತೆ ನಕಾಶೆ ನೋಡಿದರು. “ಈ ಆಫೀಸು” ಎಂದರು.

“ಈ ರಸ್ತೆಯಲ್ಲಿ ನನಗೆ ಒಬ್ಬ ಗಿರಾಕಿಯೂ ಇಲ್ಲ. ಕದ್ದ ಮಾಲನ್ನು ಯಾವನಾದರೂ ಕಾಡಿನವರ ಆಫೀಸಿಗೆ ತಂದು ಅರ್ಧ ಗಂಟೆ ಇಟ್ಟುಕೊಂಡು ಕೂರ್ತಾನಾ? ಆ ಮೆಟ್ಟಿಲಲ್ಲಿ ಕೂತಿದ್ದೆ ನಾನು. ಪುಸ್ತಕದಲ್ಲಿ ಬರೆ ಅಂತ ಅಂಗಲಾಚಿದ್ದೆ. ಮನುಷ್ಯ ಸುಳ್ಳು ಹೇಳ್ತಾನೆ ಸಾರ್, ನಿಮ್ಮ ಮನುಷ್ಯ ಹೇಳಿದ. ಈಗ ಆಕಾಶದಲ್ಲಿ ಇರುವುದು ಏನು ಹೇಳ್ತದೆ ನೋಡಿ.”

ವಸಂತನ ಮುಖ ಬಿಳಿಚಿತ್ತು. ಅಧಿಕಾರಿ ಅವನನ್ನು ನೋಡಿದ ನೋಟದಲ್ಲೇ ಎಲ್ಲ ಇತ್ತು. “ಏನೋ ವಸಂತ?” ಎಂದ.

“ಸಾರ್… ತಂದಿದ್ದರು ಸಾರ್. ತಲೆಬಿಸಿ ಬೇಡ ಅಂತ ನಾನೇ ಕಳಿಸಿದ್ದು.”

ಮೇಡಂ ಎದ್ದು ನಿಂತರು. ಅವರ ಸಿಟ್ಟು ಈಗ ಬೇರೆ ಕಡೆ ತಿರುಗಿತ್ತು. “ಅವತ್ತೇ ಒಂದು ಫೋನ್ ಮಾಡಿದ್ರೆ ಯಾವ ಬೋಟು ಅಂತ ಹುಡುಕಬಹುದಿತ್ತು. ಎರಡು ತಿಂಗಳು ಹಾಳಾಯ್ತು. ಇದನ್ನ ನಾನು ರಿಪೋರ್ಟಲ್ಲಿ ಬರೀತೀನಿ” ಎಂದರು. ಆಮೇಲೆ ಸಮದರ ಕಡೆ ತಿರುಗಿ, “ನಿಮಗೆ ಗೊತ್ತಾ, ಯಾವ ಬೋಟು?” ಎಂದು ಕೇಳಿದರು.

ಶೇಖರನ ಮುಖ ಸಮದರ ಕಣ್ಣೆದುರು ಬಂತು. “ಕೂಲಿಯಾಳುಗಳ ಹೆಸರು ಹೇಳಿ ಇನ್ನೊಬ್ಬ ಬಡವನನ್ನು ಈ ಮೇಜಿನೆದುರು ತಂದು ನಿಲ್ಲಿಸಲಿಕ್ಕೆ ನನ್ನಿಂದಾಗದು. ಬಲೆ ಯಾರದ್ದೋ ಅವರನ್ನು ಕೇಳಿ. ಬಂದರಿನಲ್ಲಿ ಅವತ್ತು ಬಂದ ಬೋಟುಗಳ ಪಟ್ಟಿ ಇರ್ತದಲ್ಲ.”

“ಸಮುದ್ರ ನಮ್ಮ ವ್ಯಾಪ್ತಿಗೆ ಬರುವುದಿಲ್ಲ” ಎಂದ ಅ‌ಧಿಕಾರಿ.

“ನನ್ನ ಸೀಟಿನಡಿ ಬರ್ತದಲ್ಲ!” ಎಂದು ಸಮದರು ಮೇಜಿಗೆ ಗುದ್ದಿದರು. ಮೇಜಿನ ಮೇಲಿದ್ದ ಗ್ಲಾಸು ಹಾರಿ ಬಿತ್ತು.

ಅಧಿಕಾರಿ ಹಾಳೆಯನ್ನು ಎರಡಾಗಿ ಹರಿದ. ಕೇಸಿಲ್ಲ, ದಂಡವಿಲ್ಲ, ಗಾಡಿ ತೆಗೆದುಕೊಂಡು ಹೋಗು ಎಂದ. ಮರುಕ್ಷಣ ‘ಹೋಗಿ’ ಎಂದು ತಿದ್ದಿಕೊಂಡ. ಸಮದರು ಏಳಲಿಲ್ಲ. ಮೊದಲು ಕಪ್ಪು ಪೆಟ್ಟಿಗೆಯ ಮೇಲೆ ಕೈಯಿಟ್ಟರು.

“ಮೇಡಂ, ಗುರುತು ಹೇಳಿ.”

ಮೇಡಮಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. “ಬಲಗಡೆ ಮೂಲೆ, ಅಂಟಿನಲ್ಲಿ ನನ್ನ ಹೆಬ್ಬೆಟ್ಟಿನ ಅಚ್ಚಿದೆ. ಆಮೆ ಅಲ್ಲಾಡಿದಾಗ ಒತ್ತಿ ಹಿಡಿದಿದ್ದೆ” ಎಂದರು.

“ಉಂಟು. ಹಾಗಾದರೆ ನಿಮ್ಮದೇ, ತೆಗೊಳ್ಳಿ” ಎಂದು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಮೇಡಂ ಅದನ್ನು ಹಿಡಿದುಕೊಂಡು “ಕ್ಷಮಿಸಿ” ಎಂದರು. ನಿಮಗೊಂದು ಪತ್ರ ಬರೆದು ಕೊಡುತ್ತೇನೆ, ಸಂಸ್ಥೆಯ ಮೊಹರು ಹಾಕಿ, ಎಂದೂ ಸೇರಿಸಿದರು.

“ನನ್ನ ಲೈನಿನಲ್ಲಿ ಪತ್ರ ಓದಿ ಮೀನು ತೆಗೊಳ್ಳುವವರಿಲ್ಲ ಮೇಡಂ” ಎಂದರು ಸಮದರು. ಆಮೇಲೆ ಅಧಿಕಾರಿಯ ಕಡೆ ತಿರುಗಿದರು. “ನನಗೆ ನಿಮ್ಮ ಪರಿಹಾರ ಬೇಡ. ಇವ ನನ್ನ ಗಾಡಿಯ ಹಿಂದೆ ಕೂರಬೇಕು. ಇದೇ ಯೂನಿಫಾರ್ಮಿನಲ್ಲಿ, ಇವತ್ತೇ. ಅರುವತ್ತು ಮನೆಗೂ ಬರಬೇಕು. ನಾನು ಹಾರ್ನ್ ಹಾಕ್ತೇನೆ, ಇವ ಹೇಳ್ತಾನೆ.”

“ಅದೆಲ್ಲ ಹೇಗಾಗ್ತದೆ…” ಎಂದ ಅಧಿಕಾರಿ.

“ಆಗದಿದ್ದರೆ ಎರಡು ಚುಕ್ಕಿಗಳನ್ನು ಮೇಡಂ ದೊಡ್ಡದಾಗಿ ಬರೆದು ಮೇಲೆ ಕಳಿಸಲಿ” ಎಂದರು ಸಮದರು. ಮೇಡಂ ಪೆನ್ನು ತೆಗೆದರು. ಅಧಿಕಾರಿ ವಸಂತನಿಗೆ ಕೈಸನ್ನೆ ಮಾಡಿದ.

ಮೀನಿಲ್ಲದ ಪೆಟ್ಟಿಗೆಯನ್ನು ಬಿಚ್ಚಿ ಅಲ್ಲೇ ಇಟ್ಟು, ಅದರ ಜಾಗದಲ್ಲಿ ವಸಂತನನ್ನು ಕೂರಿಸಿಕೊಂಡು ಸಮದರು ಹೊರಟರು. ಪ್ರತಿ ಗೇಟಿನೆದುರು ಪೋಂ ಪೋಂ. ಜನ ಇಣುಕಿದರು. ವಸಂತ ಮೊದಲ ಮನೆಯಲ್ಲಿ ತೊದಲಿದ. “ಕೇಳಲಿಲ್ಲ, ಗಟ್ಟಿ ಹೇಳು” ಎಂದರು ಸಮದರು. ಹತ್ತನೆಯ ಮನೆಯ ಹೊತ್ತಿಗೆ ಮಾತು ಬಾಯಿಪಾಠವಾಗಿತ್ತು. “ಸಮದಾಕ ಆಮೆ ಕೊಂದದ್ದಲ್ಲ, ಮಾರಿದ್ದೂ ಅಲ್ಲ. ಪೆಟ್ಟಿಗೆ ಸಿಕ್ಕಿದ್ದನ್ನು ನಮ್ಮ ಆಫೀಸಿಗೆ ತಂದಿದ್ದರು. ನಾನು ತೆಗೊಳ್ಳಲಿಲ್ಲ. ಗೊತ್ತಿಲ್ಲ ಅಂತ ಹೇಳಿದ್ದು ಸುಳ್ಳು.” ಕೆಲವರು ನಾಚಿಕೆಯಿಂದ ಒಳಗೆ ಹೋದರು. ಕೆಲವರು “ನಮಗೆ ಆಗಲೇ ಸಂಶಯ ಇತ್ತು” ಎಂದರು. ಅದನ್ನು ಕೇಳಿದಾಗಲೇ ಸಮದರಿಗೆ ಹೆಚ್ಚು ಉರಿದದ್ದು.

ಕೊನೆಗೆ ನೀಲಕ್ಕನ ಮನೆಯ ಚಡಾವು. “ಇಲ್ಲಿ ಬೇಡ ಸಮದಾಕ, ಅಮ್ಮನೆದುರು ಬೇಡ. ಕಾಲು ಹಿಡಿತೇನೆ” ಎಂದ ವಸಂತ. ಸಮದರು ಅಂಗಳದವರೆಗೂ ಗಾಡಿ ಏರಿಸಿ ಹಾರ್ನ್ ಒತ್ತಿ ಹಿಡಿದರು. ನೀಲಕ್ಕ ಹೊರಗೆ ಬಂದರು. ವಸಂತ ಕೆಳಗೆ ನೋಡುತ್ತಾ ಎಲ್ಲ ಹೇಳಿದ. ಆರು ಬಂಗುಡೆಯ ಮಾತನ್ನೂ ತಾನಾಗಿಯೇ ಹೇಳಿದ. ನೀಲಕ್ಕ ಕಂಬ ಹಿಡಿದು ನಿಂತಿದ್ದರು. ಒಳಗೆ ಹೋಗಿ ಬೆಲ್ಲ, ನೀರು ತಂದು ಜಗಲಿಯ ಅಂಚಿನಲ್ಲಿಟ್ಟರು.

“ಕುಡೀರಿ ಬ್ಯಾರಿಗಳೇ. ನಾಳೆ ಬಂಗುಡೆ ಉಂಟಾ?”

ಸಮದರು ಲೋಟದ ಕಡೆ ನೋಡಲಿಲ್ಲ. “ಉಂಟು. ತರ್ತೇನೆ ನೀಲಕ್ಕ, ಇದು ನನ್ನ ಲೈನು. ಆದರೆ ಇನ್ನು ಅಂಗಳಕ್ಕೆ ಬರುವುದಿಲ್ಲ. ಕೆಳಗೆ ರಸ್ತೆಯಲ್ಲಿ ನಿಲ್ತೇನೆ. ಬೇಕಾದರೆ ನೀವು ಇಳಿದು ಬನ್ನಿ.”

“ನನ್ನ ಮೊಣಕಾಲು ಗೊತ್ತಲ್ಲ ನಿಮಗೆ…”

“ಗೊತ್ತುಂಟು” ಎಂದರು ಸಮದರು, ಗಾಡಿ ತಿರುಗಿಸುತ್ತಾ. “ನನ್ನನ್ನೂ ನಿಮಗೆ ಗೊತ್ತಿತ್ತು.”

ಮರುದಿನ ರಸ್ತೆಯಲ್ಲಿ ನಿಂತು ಹಾರ್ನ್ ಹಾಕಿದರು. ಬರಲಿಕ್ಕಿಲ್ಲ ಎಂದುಕೊಂಡಿದ್ದರು. ನೀಲಕ್ಕ ಬಂದರು, ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈ ಬೇಲಿಯ ಮೇಲೆ, ಒಂದೊಂದೇ ಹೆಜ್ಜೆ ಊರುತ್ತಾ. ಸಮದರು ಎದುರು ಹೋಗಲಿಲ್ಲ. ತಟ್ಟೆಗೆ ಹತ್ತು ಬಂಗುಡೆ ಎಣಿಸಿ ಹಾಕಿದರು, ಪೆಟ್ಟಿಗೆಯಲ್ಲಿದ್ದ ಚೆಂದದ ಹತ್ತು. ನೀಲಕ್ಕ ತಟ್ಟೆಯನ್ನು ಹಾಗೇ ಚಾಚಿಕೊಂಡು ನಿಂತಿದ್ದರು. ಇಷ್ಟು ವರ್ಷ ಹತ್ತರ ಮೇಲೆ ಒಂದು ಕೊಸರು ಬೀಳುತ್ತಿತ್ತು. ಸಮದರು ಪೆಟ್ಟಿಗೆಯ ಮುಚ್ಚಳ ಹಾಕಿದರು.